ಹಳೆಯ ಗ್ರಾಮೀಣ ಚರ್ಚುಗಳ ಇತಿಹಾಸ ಮತ್ತು ದಾಖಲೆಗಳು: ನಾಗರಿಕರಿಗೆ ಮಾಹಿತಿ

ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳ ನಾಗರಿಕರು ಜನನ ಅಥವಾ ವಿವಾಹದ ಪುರಾವೆಗಾಗಿ ಹಿರಿಯರ ಕಾಲದ ಚರ್ಚಿನ ದಾಖಲೆಯನ್ನು ಪಡೆಯಬೇಕಾದಲ್ಲಿ, ಸದರಿ ಚರ್ಚು ಯಾವ ಮಿಶನ್ನಿನಿಂದ ಸ್ಥಾಪಿತವಾಯಿತು ಮತ್ತು ಈಗ ಯಾರ ಆಡಳಿತದಲ್ಲಿದೆ ಎಂಬುದನ್ನು ಮೊದಲು ತಿಳಿಯುವುದು ಅವಶ್ಯಕ. ಈ ಉದ್ದೇಶದಿಂದ ಕೆಳಗಿನ ಮಾಹಿತಿಯನ್ನು ನೀಡಲಾಗಿದೆ.

ಸ್ಥಾಪನೆ

ಲಂಡನ್ ಮಿಶನರಿ ಸೊಸೈಟಿಯ ಜೋಸೆಫ್ ಟೇಲರ್ ಅವರು 1820ರಲ್ಲಿ ಬೆಳಗಾವಿಯಲ್ಲಿ ಕಾರ್ಯಾರಂಭ ಮಾಡಿದರು. ಸ್ವಿಟ್ಜರ್ಲೆಂಡಿನಲ್ಲಿ 1815ರಲ್ಲಿ ಸ್ಥಾಪಿತವಾದ ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೂ 1837ರಲ್ಲಿ ಧಾರವಾಡಕ್ಕೂ ಬಂದಿತು.

ಸಭಾಹಿರಿಯರ ಆಡಳಿತ

ಸಭೆಯವರಿಂದಲೇ ಆರಿಸಲ್ಪಟ್ಟ ಹಿರಿಯರು ಸಭಾಪಾಲಕರೊಡನೆ ಕೂಡಿ ಆಡಳಿತ ನಡೆಸುವ ಪದ್ಧತಿಗೆ ಪ್ರೆಸ್ಬಿಟೇರಿಯನ್ ಪದ್ಧತಿ ಎಂದು ಹೆಸರು. ಬಾಸೆಲ್ ಮಿಶನ್ನಿನಲ್ಲಿ ರಿಫಾರ್ಮ್ಡ್ ಮತ್ತು ಲೂಥರನ್ ಪರಂಪರೆಗಳೆರಡೂ ಸೇರಿದ್ದು, ಅದರ ಸಭೆಗಳಲ್ಲಿಯೂ ಹಿರಿಯರಿಗೆ ಸ್ಥಾನವಿತ್ತು.

ಆಡಳಿತದ ಬದಲಾವಣೆ

ಲಂಡನ್ ಮಿಶನ್ನಿನ ಬೆಳಗಾವಿ ಕ್ಷೇತ್ರವು 1904ರಲ್ಲಿ ಮೆಥೊಡಿಸ್ಟ್ ಸಭೆಗೆ ವರ್ಗಾವಣೆಗೊಂಡಿತು. ಈ ಸಭೆಯು 1981ರಿಂದ ಮೆಥೊಡಿಸ್ಟ್ ಚರ್ಚ್ ಇನ್ ಇಂಡಿಯಾ ಎಂಬ ಸ್ವತಂತ್ರ ಸಂಸ್ಥೆಯಾಗಿದೆ. 1914ರಲ್ಲಿ ಮಹಾಯುದ್ಧ ಆರಂಭವಾದ ಮೇಲೆ ಬಾಸೆಲ್ ಮಿಶನ್ನಿನ ಜರ್ಮನ್ ಬೋಧಕರನ್ನು ಬಂಧನದಲ್ಲಿಡಲಾಯಿತು. ಪ್ರೆಸ್ಬಿಟೇರಿಯನ್, ಕಾಂಗ್ರಿಗೇಶನಲ್, ಆಂಗ್ಲಿಕನ್ ಹಾಗೂ ಮೆಥೊಡಿಸ್ಟ್ ಪರಂಪರೆಯ ಕೆಲವು ಸಭೆಗಳು ಕೂಡಿ 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ (ಸಿ.ಎಸ್.ಐ.) ರಚನೆಯಾಯಿತು. ಧಾರವಾಡ ಭಾಗದ ಬಾಸೆಲ್ ಮಿಶನ್ ಸಭೆಗಳು ತದನಂತರ ಇದರಲ್ಲಿ ಸೇರಿದವು.

ದಾಖಲೆಗಳ ಮಾನ್ಯತೆ

1872ರ ಭಾರತೀಯ ಕ್ರೈಸ್ತ ವಿವಾಹ ಕಾಯಿದೆಯು ವಿವಾಹ ನೆರವೇರಿಸಲು ಅಧಿಕಾರವುಳ್ಳವರಲ್ಲಿ ಪ್ರೆಸ್ಬಿಟೇರಿಯನ್ ಪದ್ಧತಿಯ ಸ್ಕಾಟ್ಲೆಂಡ್ ಸಭೆಯ ಪಾದ್ರಿಗಳನ್ನು ಪ್ರತ್ಯೇಕವಾಗಿ ಹೆಸರಿಸಿದೆ. ಈ ಕಾಯಿದೆಯಂತೆ ಇಡಲಾದ ವಿವಾಹ ವಹಿಯ ದೃಢೀಕೃತ ನಕಲು ಸಾಕ್ಷ್ಯವಾಗಿ ಸ್ವೀಕಾರಾರ್ಹವಾಗಿರುತ್ತದೆ.

ದೀಕ್ಷಾಸ್ನಾನದ ವಹಿಯು ಜನನ ಪ್ರಮಾಣಪತ್ರವಲ್ಲ. ಅದು ಪೂರಕ ದಾಖಲೆ ಮಾತ್ರ. ಪ್ರಾಯಸ್ಥರಾದ ಮೇಲೆ ದೀಕ್ಷಾಸ್ನಾನ ಪಡೆದವರ ವಿಷಯದಲ್ಲಿ ಆ ದಿನಾಂಕಕ್ಕೂ ಜನ್ಮ ದಿನಾಂಕಕ್ಕೂ ಹಲವು ವರ್ಷಗಳ ಅಂತರವಿರಬಹುದು. ಒಂದನ್ನು ಮತ್ತೊಂದೆಂದು ಅರ್ಜಿಯಲ್ಲಿ ನಮೂದಿಸಿದಲ್ಲಿ ವಯಸ್ಸಿನ ಪುರಾವೆಯೇ ವಿವಾದಕ್ಕೊಳಗಾಗುವ ಸಂಭವವಿದೆ.

ಅರ್ಜಿದಾರರ ಗಮನಕ್ಕೆ

1. ಹಳೆಯ ದಾಖಲೆಗಳಲ್ಲಿ ಬೈಲಹೊಂಗಲ ಮತ್ತು ಕಿತ್ತೂರು ಪ್ರದೇಶವು ಸಂಪಗಾಂವ ತಾಲ್ಲೂಕೆಂದೂ, ಸವದತ್ತಿಯು ಪರಸಗಡ ತಾಲ್ಲೂಕೆಂದೂ ನಮೂದಾಗಿರುತ್ತದೆ. ರಾಮದುರ್ಗವು 1948ರವರೆಗೆ ಪ್ರತ್ಯೇಕ ಸಂಸ್ಥಾನವಾಗಿತ್ತು. ಹುಡುಕುವಾಗ ಈ ಹೆಸರುಗಳನ್ನೂ ಪರಿಶೀಲಿಸುವುದು.

2. ಮೊದಲು ಸ್ಥಳೀಯ ಸಭಾಪಾಲಕರನ್ನು, ಅಲ್ಲಿ ವಹಿ ದೊರೆಯದಿದ್ದಲ್ಲಿ ಆ ಚರ್ಚಿನ ಈಗಿನ ಮೇಲಾಡಳಿತದ ಕಚೇರಿಯನ್ನು ಲಿಖಿತವಾಗಿ ಕೋರುವುದು. ಬಾಸೆಲ್ ಮಿಶನ್ನಿನ ಹಳೆಯ ಕಾಗದಪತ್ರಗಳ ಸಂಗ್ರಹವು ಮಂಗಳೂರಿನ ಕರ್ನಾಟಕ ಥಿಯೊಲಾಜಿಕಲ್ ಕಾಲೇಜಿನಲ್ಲಿದೆ.

3. ಕುಟುಂಬದವರ ಹೆಸರು, ಗ್ರಾಮ ಮತ್ತು ಅಂದಾಜು ವರ್ಷವನ್ನು ಕೋರಿಕೆಯಲ್ಲಿ ತಿಳಿಸುವುದು.

4. ಒಂದು ವರ್ಷಕ್ಕೂ ಮೀರಿ ನೋಂದಣಿಯಾಗದ ಜನನಕ್ಕೆ, 1969ರ ಜನನ ಮರಣ ನೋಂದಣಿ ಕಾಯಿದೆಯ 2023ರ ತಿದ್ದುಪಡಿಯಂತೆ, ಜಿಲ್ಲಾ ದಂಡಾಧಿಕಾರಿ, ಉಪವಿಭಾಗ ದಂಡಾಧಿಕಾರಿ ಅಥವಾ ಅಧಿಕೃತ ಕಾರ್ಯನಿರ್ವಾಹಕ ದಂಡಾಧಿಕಾರಿಯವರ ಆದೇಶ ಅವಶ್ಯಕ.

ಹಳೆಯ ವಹಿಗಳು ಜೀರ್ಣಾವಸ್ಥೆಯಲ್ಲಿರುವ ಸಂಭವವಿರುವುದರಿಂದ, ಅಗತ್ಯ ಬೀಳುವ ಮುನ್ನವೇ ದೃಢೀಕೃತ ನಕಲು ಪಡೆದಿಟ್ಟುಕೊಳ್ಳಲು ನಾಗರಿಕರಲ್ಲಿ ಕೋರಲಾಗಿದೆ.