ಉಪ್ಪುಗಾಳಿಯ ಊರಲ್ಲಿ ಖಡ್ಗ ಸಾಕುವುದು

ಕಾರವಾರದ ಬೈತಖೋಲದಲ್ಲಿ ಕಬ್ಬಿಣ ಸಾಕುವುದು ಸುಲಭವಲ್ಲ. ಬಂದರಿನ ಪಕ್ಕದಲ್ಲೇ ನನ್ನ ವರ್ಕ್‌ಶಾಪ್. ಟ್ರಾಲರ್ ಬೋಟುಗಳ ಶಾಫ್ಟು, ವಿಂಚು, ಎಂಜಿನ್ನು ರಿಪೇರಿ ಮಾಡುವುದು ಹೊಟ್ಟೆಪಾಡು. ಸಂಜೆ ಒರೆಸಿಟ್ಟ ಪಾನಾಕ್ಕೆ ಬೆಳಗಾಗುವುದರೊಳಗೆ ಕೆಂಪು ಹತ್ತಿರುತ್ತದೆ. ಇಂಥ ಕಡೆ ಕೂತು ಮಧ್ಯಯುಗದ ಮಾದರಿಯ ಖಡ್ಗಗಳನ್ನು ಕೂಡಿಡುತ್ತೇನೆ, ಅದೂ ಗೋಡೆಗೆ ತೂಗುಹಾಕುವ ಥಳಕಿನವಲ್ಲ, ಬೀಸಿದರೆ ನಿಜಕ್ಕೂ ಕೆಲಸ ಮಾಡುವಂಥವು ಎಂದರೆ ಜನ ನಗುತ್ತಾರೆ. ಮನೆಯವಳು ಮಾತ್ರ ನಗುವುದಿಲ್ಲ. ಎಣ್ಣೆಬಟ್ಟೆಯ ವಾಸನೆ ಅವಳಿಗೆ ಸಾಕಾಗಿಹೋಗಿದೆ.

ಸಿನಿಮಾ ನೋಡಿಯೋ ಮೊಬೈಲಿನ ಆಟ ಆಡಿಯೋ ಈ ಹುಚ್ಚು ಹತ್ತಿಸಿಕೊಂಡ ಹುಡುಗರು ಈಗ ಆಗಾಗ ಬರುತ್ತಾರೆ. ‘ಎಲ್ಲಿ ಸಿಗುತ್ತದೆ, ಎಷ್ಟಾಗುತ್ತದೆ’ ಎಂದೇ ಮೊದಲ ಪ್ರಶ್ನೆ. ಅದಕ್ಕಿಂತ ಮೊದಲು ಕೇಳಬೇಕಾದ್ದು ಬೇರೆ ಇದೆ: ಹಿಡಿಯ ಒಳಗೆ ಏನಿದೆ?

ಅಂಕೋಲೆಯ ಒಬ್ಬ ಹುಡುಗ ಪ್ರವಾಸಿ ಊರೊಂದರ ಅಂಗಡಿಯಲ್ಲಿ ಕೊಂಡ ‘ಟಿಪ್ಪು ಖಡ್ಗ’ವನ್ನು ವೆಲ್ಡಿಂಗಿಗೆ ತಂದಿದ್ದ. ಗೆಳೆಯರ ಮುಂದೆ ಒಮ್ಮೆ ಜೋರಾಗಿ ಬೀಸಿದ್ದಾನೆ. ಹಿಡಿ ಕೈಯಲ್ಲೇ ಉಳಿದಿದೆ, ಅಲಗು ಹಾರಿ ಹೋಗಿ ಅಂಗಳದ ತೆಂಗಿನ ಬುಡಕ್ಕೆ ಬಡಿದಿದೆ. ಪುಣ್ಯಕ್ಕೆ ಯಾರೂ ಆ ದಿಕ್ಕಿನಲ್ಲಿರಲಿಲ್ಲ. ಹಿಡಿಯನ್ನು ಸೀಳಿ ನೋಡಿದರೆ ಒಳಗೆ ಪೆನ್ಸಿಲ್ಲಿಗಿಂತ ಸಪೂರದ ಒಂದು ಸರಳು, ಅದನ್ನು ಅಲಗಿನ ಬುಡಕ್ಕೆ ಎರಡು ಬೊಟ್ಟು ವೆಲ್ಡ್ ಮಾಡಿ ಅಂಟಿಸಿದ್ದರು. ಅಲಗು ಕನ್ನಡಿಯಂತೆ ಹೊಳೆಯುವ ಸ್ಟೇನ್‌ಲೆಸ್ ಉಕ್ಕು. ನಾನು ವೆಲ್ಡ್ ಮಾಡಿಕೊಡಲಿಲ್ಲ.

ಸ್ಟೇನ್‌ಲೆಸ್ ಕೆಟ್ಟ ಲೋಹವಲ್ಲ, ಅಡುಗೆಮನೆಯ ಚಾಕುವಿಗೆ ಅದೇ ಸರಿ. ಆದರೆ ಚಾಕುಗಳಿಗೆ ಬಳಸುವ ಮಾಮೂಲಿ ಸ್ಟೇನ್‌ಲೆಸ್ ಎರಡೂವರೆ ಅಡಿ ಉದ್ದದ ಅಲಗಾದಾಗ ಏಟಿನ ಕಂಪನ ತಾಳದೆ ಮುರಿಯುತ್ತದೆ. ಕೆಲಸದ ಖಡ್ಗಕ್ಕೆ ಬೇಕಾದ್ದು ಇಂಗಾಲದ ಉಕ್ಕು ಅಥವಾ ಸ್ಪ್ರಿಂಗ್ ಉಕ್ಕು. ವಿವರ ಪಟ್ಟಿಯಲ್ಲಿ 1060 ಎಂದು ಬರೆದಿದ್ದರೆ ಅದರಲ್ಲಿ ಸುಮಾರು 0.60% ಇಂಗಾಲವಿದೆ ಎಂದರ್ಥ. 1075, 1095 ಇವೂ ಹಾಗೆಯೇ. 5160 ಎಂದರೆ ಸ್ವಲ್ಪ ಕ್ರೋಮಿಯಂ ಬೆರೆತ ಸ್ಪ್ರಿಂಗ್ ಉಕ್ಕು, ಲಾರಿಯ ಲೀಫ್ ಸ್ಪ್ರಿಂಗಿನ ಜಾತಿ. ನಮ್ಮ ಊರುಗಳ ಆಚಾರಿಗಳು ಗುಜರಿಯಿಂದ ಲಾರಿ ಸ್ಪ್ರಿಂಗ್ ತಂದು ಸೊಪ್ಪು ಸವರುವ ಕತ್ತಿ ಬಡಿಯುತ್ತಾರಲ್ಲ, ಅವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಉಕ್ಕಿನ ಹೆಸರಿಗಿಂತ ಅದಕ್ಕೆ ಕೊಟ್ಟ ಹದ ದೊಡ್ಡದು. ಅಲಗನ್ನು ಎಂಟುನೂರು ಡಿಗ್ರಿ ದಾಟಿಸಿ ಕಾಯಿಸಿ ಎಣ್ಣೆಯಲ್ಲಿ ಅದ್ದಿದರೆ ಅದು ಗಾಜಿನ ಹಾಗೆ ಗಡುಸಾಗುತ್ತದೆ. ಹಾಗೇ ಬಿಟ್ಟರೆ ಬಿದ್ದರೂ ಒಡೆಯುತ್ತದೆ. ಆಮೇಲೆ ಕಡಿಮೆ ಶಾಖದಲ್ಲಿ ಮತ್ತೊಮ್ಮೆ ಕಾಯಿಸಿ ಸ್ವಲ್ಪ ಮಿದು ಮಾಡಬೇಕು. ಗಡಸುತನದ ರಾಕ್‌ವೆಲ್ ಅಳತೆಯಲ್ಲಿ 48ರಿಂದ 52ರ ಆಸುಪಾಸು ಬಂದರೆ ಖಡ್ಗಕ್ಕೆ ಒಳ್ಳೆಯದು: ಬಗ್ಗಿಸಿದರೆ ಬಗ್ಗಬೇಕು, ಬಿಟ್ಟರೆ ನೆಟ್ಟಗಾಗಬೇಕು. ಹದದ ಸಂಗತಿಯನ್ನು ಹೇಳದೆ ಬರೀ ಉಕ್ಕಿನ ಹೆಸರು ಹೇಳಿ ಮಾರುವವನ ಹತ್ತಿರ ನಾನು ಕೊಳ್ಳುವುದಿಲ್ಲ.

ಇನ್ನು ತೂಕ. ಮಧ್ಯಯುಗದ ಖಡ್ಗ ಹತ್ತು ಕಿಲೋ ಇತ್ತು, ಅದನ್ನು ಎತ್ತಲು ಭೀಮನೇ ಬೇಕಿತ್ತು ಎಂಬುದು ನಮ್ಮಲ್ಲೂ ಯುರೋಪಿನಲ್ಲೂ ಬೇರೂರಿದ ಸುಳ್ಳು. ಒಂದು ಕೈಯಲ್ಲಿ ಹಿಡಿಯುವ ಯುರೋಪಿನ ಖಡ್ಗ ಸಾಮಾನ್ಯವಾಗಿ 1.1ರಿಂದ 1.4 ಕಿಲೋ, ಎರಡು ಕೈಯದು ಒಂದೂವರೆ ಕಿಲೋ ಸುತ್ತಮುತ್ತ. ನಮ್ಮ ಬಂದರಿನಲ್ಲಿ ಹರಾಜಾಗುವ ಮಧ್ಯಮ ಗಾತ್ರದ ಇಸವಾಣ ಮೀನು ಇದಕ್ಕಿಂತ ಭಾರ. ಅಗ್ಗದ ನಕಲುಗಳು ಭಾರವಾಗಿರುವುದಕ್ಕೆ ಕಾರಣ ಅಲಗು ಬುಡದಿಂದ ತುದಿಯವರೆಗೆ ಒಂದೇ ದಪ್ಪದ ಪಟ್ಟಿಯಾಗಿರುವುದು. ನಿಜವಾದ ಖಡ್ಗ ಹಿಡಿಯ ಹತ್ತಿರ ಐದಾರು ಮಿಲಿಮೀಟರ್ ಇದ್ದರೆ ತುದಿಯ ಕಡೆ ಎರಡು ಮೂರಕ್ಕೆ ಇಳಿಯುತ್ತದೆ. ಈ ಇಳಿತವನ್ನು ಫೋಟೋದಲ್ಲಿ ಕಾಣಲಾಗದು, ಕೈಗೆ ಒಂದು ಕ್ಷಣದಲ್ಲಿ ಗೊತ್ತಾಗುತ್ತದೆ. ಅಲಗಿನ ನಡುವೆ ಉದ್ದಕ್ಕೂ ಹೋಗುವ ತೋಡನ್ನು ‘ರಕ್ತ ಹರಿಯಲಿಕ್ಕೆ’ ಎನ್ನುವವರಿದ್ದಾರೆ. ಕಟ್ಟಡದ ಐ-ಬೀಮ್ ನೋಡಿದವರಿಗೆ ಅದರ ಕೆಲಸ ತಿಳಿದೀತು: ಬಲ ಉಳಿಸಿಕೊಂಡು ತೂಕ ಇಳಿಸುವುದು.

ಹಿಡಿಯೊಳಗೆ ಹೋಗುವ ಅಲಗಿನ ಬಾಲ ಅಲಗಿನದೇ ಮುಂದುವರಿದ ಉಕ್ಕಾಗಿರಬೇಕು, ಅಗಲವಾಗಿರಬೇಕು, ಹಿಡಿಯ ತುದಿಯ ಗುಂಡಿನವರೆಗೆ ಹೋಗಿ ಅಲ್ಲಿ ರಿವೆಟ್ಟಿನಂತೆ ಬಡಿದು ಮುಚ್ಚಿರಬೇಕು. ಇದು ಯುರೋಪಿನ ಮಾದರಿಗಳಿಗೆ ನಿಯಮ. ನಮ್ಮ ತಲವಾರಿಗೆ ಇದೇ ನಿಯಮ ಹೇರಿದರೆ ತಪ್ಪಾಗುತ್ತದೆ. ಹಳೆಯ ತಲವಾರುಗಳಲ್ಲಿ ಬಾಲ ಗಿಡ್ಡ. ಲೋಹದ ಟೊಳ್ಳು ಹಿಡಿಯೊಳಗೆ ಬಿಸಿ ಅರಗು-ರಾಳ ತುಂಬಿ ಅದರಲ್ಲಿ ಬಾಲವನ್ನು ಕೂರಿಸುತ್ತಿದ್ದರು. ಅಲಗು ಬದಲಿಸಬೇಕೆಂದರೆ ಹಿಡಿ ಕಾಯಿಸಿದರಾಯಿತು. ಆ ಅರಗಿನ ನೆಚ್ಚಿಕೆಯ ಮೇಲೆ ಶತಮಾನಗಟ್ಟಲೆ ಯುದ್ಧಗಳು ನಡೆದಿವೆ. ಹಾಗಾಗಿ ಪರದೇಶದ ಪುಸ್ತಕ ಓದಿ ಬಂದ ಹುಡುಗರು ಅಜ್ಜನ ತಲವಾರನ್ನು ‘ಇದು ಡಮ್ಮಿ’ ಎಂದರೆ ನನಗೆ ಸಿಟ್ಟು ಬರುತ್ತದೆ.

ಅಲಗು ಬದಲಿಸುವ ಈ ಅನುಕೂಲ ನಮ್ಮ ಕರಾವಳಿಯ ಕಥೆಗೂ ಸೇರುತ್ತದೆ. ಪೋರ್ಚುಗೀಸರು ಬಂದ ಮೇಲೆ ಜರ್ಮನಿಯ ಸೋಲಿಂಗೆನ್, ಪಾಸಾವ್, ಇಟಲಿ, ಸ್ಪೇನುಗಳ ಅಲಗುಗಳು ಪಶ್ಚಿಮ ತೀರದ ಬಂದರುಗಳಿಗೆ ಬಂದವು. ಇಲ್ಲಿಯ ಕಸುಬಿಗಳು ಅವಕ್ಕೆ ಖಂಡೆಯ ಹಿಡಿ ಕೂರಿಸಿದರು. ಅದೇ ಫಿರಂಗಿ ಖಡ್ಗ, ಮರಾಠರ ಸೈನ್ಯ ಮೆಚ್ಚಿದ ಆಯುಧ. ಬೈತಖೋಲದ ಗುಡ್ಡದ ಆಚೆ, ಈಗ ನೌಕಾನೆಲೆಯ ಹಿಡಿತದಲ್ಲಿರುವ ಅಂಜದೀವ ದ್ವೀಪಕ್ಕೆ ವಾಸ್ಕೋ ಡ ಗಾಮ 1498ರಲ್ಲಿ ಬಂದಿದ್ದ. 1505ರಲ್ಲಿ ಪೋರ್ಚುಗೀಸ್ ವೈಸ್‌ರಾಯ್ ಅಲ್ಮೇಡ ಅಲ್ಲಿ ಕೋಟೆ ಕಟ್ಟಿಸಿದ. ಆ ಕಾಲದ ಪೋರ್ಚುಗೀಸ್ ನಾವಿಕರ ಖಡ್ಗಗಳಲ್ಲಿ ಒಂದು ಬಗೆಯನ್ನು ಕಪ್ಪು ಬಳಿದು ಇಡುತ್ತಿದ್ದರು, ಉಪ್ಪುನೀರಿಗೆ ತುಕ್ಕು ಹಿಡಿಯಬಾರದು ಎಂದು. ಓದಿದಾಗ ನನಗೆ ಆತ್ಮೀಯರ ಸುದ್ದಿ ಕೇಳಿದಂತಾಯಿತು. ಬೋಟಿನ ನಟ್ಟು ಬೋಲ್ಟಿಗೆ ನಾನೂ ಕಪ್ಪು ಬಳಿಯುವವನೇ.

ಇದಕ್ಕೂ ಹಿಂದಿನ ಖಡ್ಗಗಳ ಆಕಾರ ನೋಡಬೇಕೆಂದರೆ ಕಲ್ಲುಗಳಿವೆ. ಓಲ್ಡ್ ಗೋವಾದ ವಸ್ತು ಸಂಗ್ರಹಾಲಯದಲ್ಲಿ ಹಡಗು ಕಾಳಗದ ವೀರಗಲ್ಲುಗಳಿವೆ. ಬೆಂಗಳೂರಿನ ಸರ್ಕಾರಿ ಸಂಗ್ರಹಾಲಯದಲ್ಲಿ ಗಂಗರ ಕಾಲದ ಬೇಗೂರಿನ ವೀರಗಲ್ಲು ಇದೆ. ನಮ್ಮದೇ ಜಿಲ್ಲೆಯ ಬನವಾಸಿಯಲ್ಲೂ ವೀರಗಲ್ಲುಗಳಿವೆ. ಯುರೋಪಿನ ಖಡ್ಗಗಳನ್ನು ಇವಾರ್ಟ್ ಓಕ್‌ಶಾಟ್ ಎಂಬಾತ ಅಲಗಿನ ಆಕಾರ ನೋಡಿ ಹದಿಮೂರು ಬಗೆಗಳಾಗಿ ವಿಂಗಡಿಸಿದ. ಇವತ್ತು ಜಗತ್ತಿನ ಸಂಗ್ರಾಹಕರೆಲ್ಲ ಆ ಅಂಕಿಗಳಲ್ಲೇ ಮಾತಾಡುತ್ತಾರೆ. ನಮ್ಮ ವೀರಗಲ್ಲುಗಳ ಖಡ್ಗಗಳನ್ನು ಯಾರಾದರೂ ಹಾಗೆ ಕೂತು ವಿಂಗಡಿಸಿದರೆ ಒಳ್ಳೆಯ ಪುಸ್ತಕವಾದೀತು. ಹಿಸ್ಟರಿ ಎಂ.ಎ. ಮಾಡುತ್ತಿರುವವರು ಕೇಳಿಸಿಕೊಳ್ಳಲಿ.

ಕೆಲಸದ ಆಯುಧದ ಪರಂಪರೆ ಜೀವಂತವಾಗಿರುವುದು ಕೊಡಗಿನಲ್ಲಿ. ಅಗಲ ಅಲಗಿನ, ಮುಂದಕ್ಕೆ ಬಾಗಿದ ಒಡಿಕತ್ತಿಯನ್ನು ಬೆನ್ನಿನ ಹಿಂದೆ ತೊಡಂಗವೆಂಬ ಕೊಂಡಿಗೆ ಸಿಕ್ಕಿಸುತ್ತಾರೆ. ಮದುವೆಯಲ್ಲಿ ಬಾಳೆ ಕಡಿಯುವ ಶಾಸ್ತ್ರವಿದೆ, ನೆಟ್ಟ ಬಾಳೆದಿಂಡನ್ನು ಒಂದೇ ಏಟಿಗೆ ಕಡಿಯಬೇಕು. ಜಪಾನಿನವರು ನೆನೆಸಿದ ಚಾಪೆ ಸುರುಳಿಯನ್ನು ಕಡಿದು ಖಡ್ಗ ಪರೀಕ್ಷಿಸುತ್ತಾರೆಂದು ಬೆರಗಾಗುವ ನಾವು ನಮ್ಮ ಬಾಳೆದಿಂಡನ್ನು ಮರೆತಿದ್ದೇವೆ. ಅಲಗಿನ ಕೋನ ತುಸು ತಪ್ಪಿದರೂ ದಿಂಡು ಹೇಳಿಬಿಡುತ್ತದೆ, ಏಟು ಅರ್ಧದಲ್ಲಿ ನಿಲ್ಲುತ್ತದೆ. ಕಡಿದ ಕೂಡಲೇ ಅಲಗು ಒರೆಸಬೇಕು, ಬಾಳೆಯ ಸೊನೆ ಉಕ್ಕಿಗೆ ಕಪ್ಪು ಕಲೆ ಕಟ್ಟುತ್ತದೆ. ತೆಂಗಿನ ಕಾಂಡಕ್ಕೋ ಒಣಮರಕ್ಕೋ ಹೊಡೆಯುವುದು ಶೌರ್ಯವಲ್ಲ, ಅಲಗಿನ ಕೊಲೆ. ಪ್ರಯೋಗ ಮಾಡುವಾಗ ಸುತ್ತ ಮಕ್ಕಳು, ಹಸು, ಕುತೂಹಲದ ನೆರೆಯವರು ಯಾರೂ ಇರಕೂಡದು.

ಈಗ ಕಾನೂನು. ಹುಡುಗರು ಕೇಳಲು ಇಷ್ಟಪಡದ ಭಾಗ ಇದು, ಆದರೆ ಇದಿಲ್ಲದೆ ನಾನು ಯಾರಿಗೂ ಮುಂದಿನ ಮಾತು ಹೇಳುವುದಿಲ್ಲ. 1959ರ ಆಯುಧ ಕಾಯ್ದೆಯಲ್ಲಿ ಬಂದೂಕಷ್ಟೇ ಅಲ್ಲ, ಹರಿತ ಆಯುಧಗಳೂ ಬರುತ್ತವೆ. 2016ರ ನಿಯಮಗಳ ಐದನೇ ವರ್ಗದಲ್ಲಿ ಖಡ್ಗ, ಕಠಾರಿ, ಭರ್ಜಿಗಳ ಹೆಸರಿದೆ. ಮನೆ, ಕೃಷಿ, ಉದ್ಯಮದ ಬಳಕೆಯವನ್ನು ಬಿಟ್ಟು, 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗು ಇದರೊಳಗೆ ಬಿತ್ತು. ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದೇಶಗಳಲ್ಲಿ ಇಟ್ಟುಕೊಳ್ಳಲೂ ಪರವಾನಗಿ ಬೇಕು. ತಯಾರಿಕೆಗೂ ಮಾರಾಟಕ್ಕೂ ಕಾಯ್ದೆಯ ಕಟ್ಟುಗಳಿವೆ. ‘ಮೊಂಡು ಅಲಗಲ್ಲವೇ, ಏನಾಗುತ್ತದೆ’ ಎನ್ನುತ್ತಾರೆ. ಕಾಯ್ದೆ ಬಿಟ್ಟಿರುವುದು ಆಟಿಕೆಯಾಗಿ ಮಾತ್ರ ಬಳಸಬಹುದಾದ, ಆಯುಧವಾಗಿ ಮಾರ್ಪಡಿಸಲಾಗದ ವಸ್ತುಗಳನ್ನು. ಒಳ್ಳೆಯ ಸ್ಪ್ರಿಂಗ್ ಉಕ್ಕಿನ ಮೊಂಡು ಖಡ್ಗ ನನ್ನ ಗ್ರೈಂಡರಿನ ಮುಂದೆ ಎಷ್ಟು ಹೊತ್ತು ಮೊಂಡಾಗಿ ಉಳಿದೀತು? ಸಿಖ್ಖರ ಕಿರ್ಪಾಣಕ್ಕೆ ಸಂವಿಧಾನದ 25ನೇ ವಿಧಿಯ ಆಸರೆಯಿದೆ, ಕೊಡವರ ಕೋವಿಗೆ 2029ರವರೆಗೆ ವಿನಾಯಿತಿ ಇದೆ. ಉಳಿದವರು ಕೊಳ್ಳುವ ಮೊದಲೇ ಜಿಲ್ಲಾಧಿಕಾರಿ ಕಚೇರಿಯಲ್ಲಿ ಲಿಖಿತವಾಗಿ ಕೇಳಬೇಕು, ಬಿಲ್ಲು ಇಟ್ಟುಕೊಳ್ಳಬೇಕು, ಮೆರವಣಿಗೆಯಲ್ಲಿ ಹಿಡಿದು ಕುಣಿಯಕೂಡದು. ನನ್ನ ಹತ್ತಿರ ಕುಲುಮೆ, ಗ್ರೈಂಡರ್ ಎಲ್ಲ ಇದ್ದೂ ನಾನು ಒಂದೇ ಒಂದು ಖಡ್ಗ ತಯಾರಿಸಿಲ್ಲ. ಕಾರಣ ಇದೇ.

ಎಲ್ಲಿ ಸಿಗುತ್ತದೆ ಎಂಬುದಕ್ಕೆ ಉತ್ತರ ನಮ್ಮ ದೇಶದಲ್ಲೇ ಇದೆ. ಅಮೆರಿಕದ ಸಂಗ್ರಾಹಕರು ಕೊಳ್ಳುವ ಮಧ್ಯಯುಗದ ಖಡ್ಗಗಳಲ್ಲಿ ಎಷ್ಟೋ ಡೆಹರಾಡೂನಿನಲ್ಲಿ, ಮೀರತ್ತಿನಲ್ಲಿ ತಯಾರಾದವು. ಡೆಹರಾಡೂನಿನ ವಿಂಡ್ಲಾಸ್ ಸ್ಟೀಲ್‌ಕ್ರಾಫ್ಟ್ಸ್ 1943ರಲ್ಲಿ ಶುರುವಾದ ಕಂಪನಿ. ಸೈನ್ಯಗಳಿಗೆ ಖುಕ್ರಿ, ಕವಾಯತಿನ ಖಡ್ಗ ಮಾಡಿಕೊಡುತ್ತಾ ಬಂದು ಮಧ್ಯಯುಗದ ಮಾದರಿಗಳಿಗೂ ಹೆಸರಾಯಿತು. ಮೊದಲನೆಯದಾಗಿ ಅಡ್ಡಹಿಡಿಯ ನೇರ ಖಡ್ಗ ಒಂದನ್ನು ಕೊಳ್ಳಿ, ಕೆತ್ತನೆ ಗಿತ್ತನೆ ಬೇಡ. ಒಂದು ವರ್ಷ ಅದನ್ನೇ ಕೈಯಲ್ಲಿ ಹಿಡಿದು ತಿಳಿದುಕೊಳ್ಳಿ. ಎರಡನೆಯದು ತಲವಾರು ಆಗಲಿ. ಅದರ ಹಿಡಿ ಬೇಕೆಂದೇ ಇಕ್ಕಟ್ಟು, ಮುಷ್ಟಿಯನ್ನು ಬಿಗಿದು ಕೂರಿಸುತ್ತದೆ. ನೇರ ಖಡ್ಗದಲ್ಲಿ ಕಲಿತ ಮಣಿಕಟ್ಟಿನ ಆಟ ಇಲ್ಲಿ ನಡೆಯುವುದಿಲ್ಲ, ಭುಜದಿಂದಲೇ ಬೀಸಬೇಕು. ನನ್ನ ಬಳಿ ಇರುವುದು ನಾಲ್ಕೇ. ಹತ್ತು ಅಗ್ಗದವನ್ನು ಕೊಳ್ಳುವ ದುಡ್ಡಿನಲ್ಲಿ ಒಂದು ಒಳ್ಳೆಯದು ಬರುತ್ತದೆ, ಜಾಗವೂ ಉಳಿಯುತ್ತದೆ.

ನಮ್ಮ ಕರಾವಳಿಯವರಿಗೆ ಮಳೆಗಾಲವೇ ಪರೀಕ್ಷೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ಬಂದ್. ಬೋಟುಗಳೆಲ್ಲ ದಡಕ್ಕೆ ಬಂದು ನನಗೆ ಉಸಿರಾಡಲು ಪುರಸೊತ್ತಿಲ್ಲದ ಆ ಅರವತ್ತೊಂದು ದಿನವೇ ಖಡ್ಗಗಳಿಗೂ ಗಂಡಾಂತರ. ಚರ್ಮದ ಒರೆಯೊಳಗೆ ಇಡಲೇಬೇಡಿ. ಚರ್ಮ ತೇವ ಹೀರುತ್ತದೆ, ಹದ ಮಾಡಿದ ರಾಸಾಯನಿಕವನ್ನು ಉಕ್ಕಿಗೆ ಉಣಿಸುತ್ತದೆ. ಮೇ ಕೊನೆಗೆ ಒರೆಯಿಂದ ತೆಗೆದು, ಬೆರಳಚ್ಚು ಉಳಿಯದಂತೆ ಒರೆಸಿ, ತೆಳು ಮಶಿನ್ ಎಣ್ಣೆ ಸವರಿ, ಮೇಲೆ ಮೇಣ ತಿಕ್ಕಿ, ಬೀಗದ ಮರದ ಪೆಟ್ಟಿಗೆಯಲ್ಲಿ ತೇವ ಹೀರುವ ಸಿಲಿಕಾ ಚೀಲಗಳ ಜೊತೆ ಇಡುತ್ತೇನೆ. ಕೊಬ್ಬರಿ ಎಣ್ಣೆ ಬೇಡ, ಕಮಟು ಹಿಡಿದು ಹುಳಿಯಾಗುತ್ತದೆ. ಆಯುಧ ಪೂಜೆಗೆ ಅಲಗಿನ ಮೇಲೆ ನಿಂಬೆಹಣ್ಣು ಚುಚ್ಚುವ ಪದ್ಧತಿ ಇದೆ. ದೇವರು ಕ್ಷಮಿಸಿಯಾನು, ಉಕ್ಕು ಕ್ಷಮಿಸುವುದಿಲ್ಲ. ನಾನು ನಿಂಬೆಯನ್ನು ಪಕ್ಕದಲ್ಲಿ ಇಡುತ್ತೇನೆ, ಕುಂಕುಮವನ್ನು ಹಿಡಿಗೆ ಹಚ್ಚುತ್ತೇನೆ.

ಕೊನೆಯದಾಗಿ ಒಂದು ವಿನಂತಿ, ಖಡ್ಗ ಕೊಳ್ಳಲು ಹೊರಟವರಿಗಿಂತ ಮನೆಯಲ್ಲೇ ಹಳೆಯದು ಇರುವವರಿಗೆ. ಕಾರವಾರ, ಅಂಕೋಲೆ, ಸೋಂದೆ ಕಡೆಯ ಹಳೆ ಮನೆಗಳ ದೇವರ ಕೋಣೆಯಲ್ಲಿ ತುಕ್ಕು ಹಿಡಿದ ಅಲಗು ಇದ್ದರೆ ಅದನ್ನು ನನ್ನಂಥವನ ಅಂಗಡಿಗೆ ತಂದು ‘ಬಫಿಂಗ್ ಮಾಡಿ ಹೊಳಪು ಕೊಡಿ’ ಎನ್ನಬೇಡಿ. ಮೈಸೂರು ಸೀಮೆಯಲ್ಲಿ ಮಣ್ಣಿನ ಮೂಸೆಯೊಳಗೆ ಕಬ್ಬಿಣದ ಜೊತೆ ತಂಗಡಿ ಕಟ್ಟಿಗೆ, ಹಸಿ ಎಲೆ ಇಟ್ಟು ಉಕ್ಕು ಮಾಡುತ್ತಿದ್ದುದನ್ನು 1800ರಲ್ಲಿ ಫ್ರಾನ್ಸಿಸ್ ಬುಕಾನನ್ ನೋಡಿ ಬರೆದಿದ್ದಾನೆ. ಆ ಜಾತಿಯ ಉಕ್ಕಿನ ಮೇಲೆ ನೀರಿನ ಅಲೆಯಂಥ ಗೆರೆಗಳಿರುತ್ತವೆ. ಯುರೋಪಿನ ಅಲಗಾದರೆ ಕಸುಬಿಯ ಮುದ್ರೆ ಇದ್ದೀತು. ಬಫಿಂಗ್ ಚಕ್ರಕ್ಕೆ ಒಡ್ಡಿದರೆ ಗೆರೆ ಮರೆಯಾಗುತ್ತದೆ, ಮುದ್ರೆ ಸವೆಯುತ್ತದೆ, ಬೆಳ್ಳಿ ಕೆತ್ತನೆ ಹಾರಿಹೋಗುತ್ತದೆ. ನೂರು ವರ್ಷ ದಾಟಿದ್ದು 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು. ಪರವಾನಗಿ ಇಲ್ಲದೆ ಅದರ ವ್ಯಾಪಾರ ಮಾಡುವಂತಿಲ್ಲ, ನೀವು ಅದನ್ನು ವಿದೇಶಕ್ಕೂ ಕಳಿಸುವಂತಿಲ್ಲ. ಒಣಬಟ್ಟೆಯಲ್ಲಿ ಒರೆಸಿ, ತೆಳು ಎಣ್ಣೆ ಹಚ್ಚಿ, ಮೊದಲು ರಾಜ್ಯ ಪುರಾತತ್ವ ಇಲಾಖೆಯವರಿಗೆ ತೋರಿಸಿ.