ನೆಟ್‌ವರ್ಕ್ ಸ್ವಿಚ್‌ಗಳಿಗೂ ಒಂದು ಕಿರ್ದಿ ಬೇಕು

ಬ್ಯಾಡಗಿ ಮಾರುಕಟ್ಟೆಯಲ್ಲಿ ಸೋಮವಾರ ಮತ್ತು ಗುರುವಾರಗಳಂದು ಮೆಣಸಿನಕಾಯಿ ವಹಿವಾಟು ಹೇಗೆ ನಡೆಯುತ್ತದೆ ಎಂಬುದನ್ನು ನಮ್ಮ ಸದಸ್ಯ ಬಾಂಧವರಿಗೆ ವಿವರಿಸಬೇಕಾದ ಅಗತ್ಯವಿಲ್ಲ. ಚೀಟಿಯ ಟೆಂಡರಿನ ಸ್ಥಾನವನ್ನು ಇ-ಟೆಂಡರ್ ಆಕ್ರಮಿಸಿಕೊಂಡಿದೆ. ರಾಜ್ಯದ ಏಕೀಕೃತ ಮಾರುಕಟ್ಟೆ ವೇದಿಕೆಯು 2014ರಲ್ಲಿ ಆರಂಭವಾದಂದಿನಿಂದ ಲಾಟಿನ ದರವು ಗಣಕಯಂತ್ರದ ಮೂಲಕವೇ ನಿರ್ಧಾರವಾಗುವುದು ರೂಢಿಯಾಗಿದೆ. 2024ರ ಮಾರ್ಚ್ 11ರಂದು ದರ ಕುಸಿದಾಗ ರೈತರ ಆಕ್ರೋಶವು ಎಪಿಎಂಸಿ ಕಚೇರಿಯ ಮೇಲಿನ ದಾಳಿಗೂ ವಾಹನಗಳಿಗೆ ಬೆಂಕಿ ಹಚ್ಚುವುದಕ್ಕೂ ತಿರುಗಿದ್ದನ್ನು ನಾವೆಲ್ಲ ಕಂಡಿದ್ದೇವೆ. ಅದಕ್ಕೆ ಕಾರಣ ದರವೇ ಹೊರತು ಯಂತ್ರವಲ್ಲ. ಆದರೆ ಅಂತಹ ಮನಃಸ್ಥಿತಿಯ ಮಾರುಕಟ್ಟೆಯಲ್ಲಿ ಪರದೆಯು ಒಂದು ತಾಸು ಸ್ತಬ್ಧವಾದರೂ ಅದನ್ನು ಕೇವಲ ತಾಂತ್ರಿಕ ತೊಂದರೆ ಎಂದು ಯಾರೂ ನಂಬುವುದಿಲ್ಲ.

ಇಂತಹ ಸ್ತಬ್ಧತೆಗೆ ಒಂದು ಸಾಮಾನ್ಯ ಕಾರಣ ಸರ್ವರುಗಳ ನಡುವೆ ಕುಳಿತಿರುವ ಸ್ವಿಚ್ ಎಂಬ ಪೆಟ್ಟಿಗೆ. ಶೀತಲಗೃಹ, ಬೀಜ ಸಂಸ್ಕರಣಾ ಘಟಕ ಅಥವಾ ಜಿನ್ನಿಂಗ್ ಕಾರ್ಖಾನೆ ನಡೆಸುವವರು ಸ್ವಂತ ಕ್ಲೌಡ್ ವ್ಯವಸ್ಥೆ ಸ್ಥಾಪಿಸಲು ದರಪಟ್ಟಿ ತರಿಸಿದಾಗ ಸರ್ವರಿನ ಬೆಲೆಯನ್ನು ಚೌಕಾಶಿ ಮಾಡುತ್ತಾರೆ. ‘ಸ್ವಿಚ್ ಕಾನ್ಫಿಗರೇಶನ್’ ಎಂಬ ಒಂದು ಸಾಲಿನತ್ತ ಕಣ್ಣೆತ್ತಿಯೂ ನೋಡುವುದಿಲ್ಲ.

ಸ್ವಿಚ್ಚಿನ ಕೆಲಸವನ್ನು ಗೋದಾಮಿನ ಉದಾಹರಣೆಯಿಂದ ತಿಳಿಯಬಹುದು. ಒಂದೇ ಸೂರಿನಡಿ ಹತ್ತು ವರ್ತಕರ ಮಾಲು ಇದ್ದರೂ ಒಬ್ಬರ ಅಂಕಣಕ್ಕೆ ಇನ್ನೊಬ್ಬರ ಚೀಲ ಸೇರಬಾರದು. ಹಾಗೆಯೇ ಲೆಕ್ಕಪತ್ರದ ದತ್ತಾಂಶ, ಸಂಗ್ರಹಣೆಯ ದತ್ತಾಂಶ, ಸಿಸಿಟಿವಿ ಚಿತ್ರಗಳು ಒಂದೇ ತಂತಿಯಲ್ಲಿ ಹರಿದರೂ ಬೇರೆಬೇರೆಯಾಗಿಯೇ ಉಳಿಯಬೇಕು. ಈ ಅಂಕಣಗಳಿಗೆ ವಿಲ್ಯಾನ್ ಎನ್ನುತ್ತಾರೆ. 48 ಪೋರ್ಟುಗಳ ಎರಡು ಸ್ವಿಚ್ಚುಗಳಿದ್ದರೆ 96 ಪೋರ್ಟುಗಳಾದವು. ಪ್ರತಿಯೊಂದಕ್ಕೂ ಯಾವ ಅಂಕಣ, ಎಷ್ಟು ವೇಗ ಇತ್ಯಾದಿಗಳನ್ನು ತಂತ್ರಜ್ಞನು ಕೈಯಾರೆ ಬರೆಯುತ್ತ ಹೋದರೆ ಎಪ್ಪತ್ತನೆಯ ಪೋರ್ಟಿನ ಹೊತ್ತಿಗೆ ಅಂಕಿ ತಪ್ಪುವುದು ಸಹಜ.

ಕೆಲವು ತಪ್ಪುಗಳು ಕೂಡಲೇ ಕಾಣುವುದೂ ಇಲ್ಲ. ಸರ್ವರಿನಲ್ಲಿ ಪೊಟ್ಟಣದ ಗರಿಷ್ಠ ಗಾತ್ರ 9000 ಬೈಟ್ ಎಂದಿದ್ದು ಸ್ವಿಚ್ಚಿನಲ್ಲಿ 1500 ಎಂದೇ ಉಳಿದಿದ್ದರೆ ಸಣ್ಣ ಪೊಟ್ಟಣಗಳು ಸರಾಗವಾಗಿ ಸಾಗುತ್ತವೆ, ದೊಡ್ಡವು ಮಾತ್ರ ಬಿದ್ದುಹೋಗುತ್ತವೆ. ತಂತ್ರಜ್ಞನ ಪರೀಕ್ಷೆಯಲ್ಲಿ ಎಲ್ಲವೂ ಸರಿ. ಸುಗ್ಗಿಯ ದಿನ ರಾತ್ರಿ ಬ್ಯಾಕಪ್ ಆರಂಭಿಸಿದಾಗ ವ್ಯವಸ್ಥೆ ನಿಂತುಬಿಡುತ್ತದೆ.

ಇದಕ್ಕೆ ಪರಿಹಾರವೇ ಸ್ವಯಂಚಾಲಿತ ಕಾನ್ಫಿಗರೇಶನ್. ಯಾವ ಪೋರ್ಟಿಗೆ ಏನಿರಬೇಕು ಎಂಬುದನ್ನು ಒಂದು ಕಡತದಲ್ಲಿ ಒಮ್ಮೆ ಬರೆದಿಡಲಾಗುತ್ತದೆ. 2012ರಲ್ಲಿ ಬಂದ ಆನ್ಸಿಬಲ್‌ನಂತಹ ತಂತ್ರಾಂಶವು ಪ್ರತಿ ಸ್ವಿಚ್ಚಿನೊಳಗೆ ಪ್ರವೇಶಿಸಿ, ಇರುವುದನ್ನು ಇರಬೇಕಾದುದರೊಡನೆ ತಾಳೆ ನೋಡಿ, ವ್ಯತ್ಯಾಸವಿದ್ದಷ್ಟನ್ನೇ ಬದಲಿಸುತ್ತದೆ. ಹೊಸ ಸ್ವಿಚ್ಚಾದರೆ ವಿದ್ಯುತ್ ಕೊಟ್ಟೊಡನೆ ತಾನಾಗಿಯೇ ವಿಳಾಸ ಕೇಳಿ ಪಡೆದು ತನ್ನ ಕಡತವನ್ನು ತರಿಸಿಕೊಳ್ಳುವ ಏರ್ಪಾಡೂ ಇದೆ. ತಂತಿಯ ಆ ತುದಿಯಲ್ಲಿ ಯಾವ ಯಂತ್ರವಿದೆ ಎಂಬುದನ್ನು ಸ್ವಿಚ್ಚಿನಿಂದಲೇ ತಿಳಿದು ಪಟ್ಟಿಯೊಡನೆ ಹೋಲಿಸಬಹುದು. ನಾವು ವರ್ಷಾಂತ್ಯದಲ್ಲಿ ದಾಸ್ತಾನನ್ನು ಎಣಿಸಿ ಪುಸ್ತಕದೊಡನೆ ಹೋಲಿಸುವಂತೆಯೇ ಇದು.

ಲೆಕ್ಕಪರಿಶೋಧಕನಾದ ನನಗೆ ಇದರಲ್ಲಿ ಹೆಚ್ಚು ಮೆಚ್ಚುಗೆಯಾದುದು ವೇಗವಲ್ಲ, ದಾಖಲೆ. ಕಡತವನ್ನು ಆವೃತ್ತಿ ನಿಯಂತ್ರಣದಲ್ಲಿಟ್ಟರೆ ಯಾರು, ಯಾವಾಗ, ಏನನ್ನು ಬದಲಿಸಿದರು ಎಂಬುದು ಕಿರ್ದಿಯಲ್ಲಿ ಕಂಡಷ್ಟೇ ಸ್ಪಷ್ಟವಾಗಿ ಕಾಣುತ್ತದೆ. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕಪತ್ರ ತಂತ್ರಾಂಶದಲ್ಲಿ ತಿದ್ದುಪಡಿಗಳ ಜಾಡು ಉಳಿಯುವುದು ಕಡ್ಡಾಯವಾಗಿದೆ. ಆ ನಿಯಮ ಸ್ವಿಚ್ಚುಗಳಿಗೆ ಅನ್ವಯಿಸುವುದಿಲ್ಲವಾದರೂ, ಅದೇ ಲೆಕ್ಕಪತ್ರವನ್ನು ಹೊತ್ತು ಸಾಗುವ ಪೆಟ್ಟಿಗೆಗೆ ಯಾವ ದಾಖಲೆಯೂ ಇಲ್ಲದಿರುವುದು ನನಗಂತೂ ವಿಚಿತ್ರವಾಗಿ ತೋರುತ್ತದೆ.

ಆದರೆ ಯಂತ್ರವು ಸರಿಯನ್ನು ಹರಡುವಷ್ಟೇ ವೇಗವಾಗಿ ತಪ್ಪನ್ನೂ ಹರಡುತ್ತದೆ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಂ ಮೂರೂ ಸುಮಾರು ಆರು ತಾಸು ಸ್ಥಗಿತಗೊಂಡವು. ನಿರ್ವಹಣೆಯ ವೇಳೆ ಕೊಟ್ಟ ಒಂದು ಆದೇಶವು ಕಂಪನಿಯ ದತ್ತಾಂಶ ಕೇಂದ್ರಗಳ ನಡುವಿನ ಸಂಪರ್ಕವನ್ನೇ ಕಡಿದುಹಾಕಿತು. ಅಂತಹ ಆದೇಶಗಳನ್ನು ತಡೆಯಬೇಕಾಗಿದ್ದ ಪರಿಶೀಲನಾ ತಂತ್ರಾಂಶದಲ್ಲಿಯೇ ದೋಷವಿತ್ತು. ದುರಸ್ತಿಗೆ ಬೇಕಾದ ಆಂತರಿಕ ಸಾಧನಗಳೂ ಅದೇ ಜಾಲವನ್ನು ಅವಲಂಬಿಸಿದ್ದರಿಂದ ಇಂಜಿನಿಯರುಗಳು ಖುದ್ದಾಗಿ ಕೇಂದ್ರಗಳಿಗೆ ಹೋಗಬೇಕಾಯಿತು. ಆದ್ದರಿಂದ ಬದಲಾವಣೆಯನ್ನು ಮೊದಲು ಒಂದೇ ಸ್ವಿಚ್ಚಿನಲ್ಲಿ ಪ್ರಯೋಗಿಸಬೇಕು, ಹಿಂದಿನ ಸ್ಥಿತಿಗೆ ಮರಳುವ ದಾರಿಯಿರಬೇಕು, ಮುಖ್ಯ ಜಾಲ ಬಿದ್ದರೂ ಸ್ವಿಚ್ಚನ್ನು ತಲುಪಲು ಪ್ರತ್ಯೇಕ ಸಂಪರ್ಕವಿರಬೇಕು.

ಒಂದು ಸ್ವಿಚ್, ಐದು ಗಣಕಯಂತ್ರಗಳ ಅಂಗಡಿಗೆ ಇದಾವುದೂ ಬೇಡ. ಮಾರಾಟಗಾರರು ಒತ್ತಾಯಿಸಿದರೂ ಖರ್ಚು ಮಾಡಬೇಡಿ. ಕಾನ್ಫಿಗರೇಶನ್ನಿನ ಒಂದು ಪ್ರತಿಯನ್ನು ಬೇರೆಡೆ ಇಟ್ಟುಕೊಂಡು, ಸಿಸಿಟಿವಿಯನ್ನು ಲೆಕ್ಕಪತ್ರದ ಯಂತ್ರದಿಂದ ಬೇರ್ಪಡಿಸಿದರೆ ಸಾಕು. ನಾಲ್ಕಾರು ಸ್ವಿಚ್ಚುಗಳು ಸೇರಿದಾಗ ಮಾತ್ರ ಸ್ವಯಂಚಾಲನೆಯ ಲೆಕ್ಕ ಕೂಡಿಬರುತ್ತದೆ.

ದೊಡ್ಡ ವ್ಯವಸ್ಥೆ ಹಾಕಿಸುವವರು ಕರಾರಿನಲ್ಲಿ ಒಂದು ಷರತ್ತನ್ನು ತಪ್ಪದೆ ಬರೆಸಿಕೊಳ್ಳಬೇಕು: ಕಾನ್ಫಿಗರೇಶನ್ ಕಡತಗಳು, ಗುಪ್ತಪದಗಳು ಮತ್ತು ಪೋರ್ಟುಗಳ ಪಟ್ಟಿ ಖರೀದಿದಾರನ ಸ್ವತ್ತು, ಅವು ಕೈಸೇರಿ, ಅವುಗಳಿಂದ ಒಂದು ಸ್ವಿಚ್ಚನ್ನು ಅಳಿಸಿ ಮತ್ತೆ ಸಿದ್ಧಪಡಿಸಿ ತೋರಿಸಿದ ನಂತರವೇ ಅಂತಿಮ ಬಿಲ್ಲಿನ ಪಾವತಿ. ಗುತ್ತಿಗೆದಾರನು ಹುಬ್ಬಳ್ಳಿಯಿಂದಲೋ ಬೆಂಗಳೂರಿನಿಂದಲೋ ಮರಳಿ ಬರುವವರೆಗೆ ಕಾಯುವ ಪ್ರಸಂಗ ಆಗ ಬಾರದು.

ಲೆಕ್ಕದ ಬಗೆಗೆ ಒಂದು ಮಾತು. ಲೆಕ್ಕಪತ್ರ ಮಾನಕ 10ರ ಪ್ರಕಾರ ಸ್ವಿಚ್ಚುಗಳ ಅಳವಡಿಕೆ ಮತ್ತು ಪ್ರಥಮ ಕಾನ್ಫಿಗರೇಶನ್ ವೆಚ್ಚವನ್ನು ಆಸ್ತಿಯ ಬೆಲೆಗೆ ಸೇರಿಸಬೇಕು. ಸಿಬ್ಬಂದಿಯ ತರಬೇತಿಯ ಖರ್ಚನ್ನು ಸೇರಿಸುವಂತಿಲ್ಲ. ತಂತ್ರಾಂಶದ ವಾರ್ಷಿಕ ಚಂದಾ ಆಯಾ ವರ್ಷದ ಖರ್ಚಾಗುತ್ತದೆ. ಗುತ್ತಿಗೆದಾರರು ಈ ಮೂರನ್ನೂ ಒಟ್ಟುಗೂಡಿಸಿ ಒಂದೇ ಮೊತ್ತದ ಬಿಲ್ಲು ಕೊಡುವುದುಂಟು. ಬಿಡಿಬಿಡಿಯಾಗಿ ಕೇಳಿ ಪಡೆಯಿರಿ.