ಮರಗೆಣಸಿನ ಬೆಳೆಯೂ ಕಣಜದ ಹುಳುವೂ

ಬಡವರ ಹೊಟ್ಟೆಯನ್ನು ತುಂಬಿಸುವ ಪೈರುಗಳಲ್ಲಿ ಮರಗೆಣಸಿಗೆ ದೊಡ್ಡ ಸ್ಥಾನವುಂಟು. ನಮ್ಮ ನಾಡಿನಲ್ಲಿ ಇದನ್ನು ಹಿತ್ತಲಿನ ಗಿಡವೆಂದೂ, ಸಬ್ಬಕ್ಕಿಯನ್ನು ಕೊಡುವ ಗೆಡ್ಡೆಯೆಂದೂ ಬಲ್ಲವರು ಹಲವರು. ಆದರೆ ಆಫ್ರಿಕಾ ಖಂಡದ ಮಧ್ಯಭಾಗದಲ್ಲಿಯೂ ಪಶ್ಚಿಮ ತೀರದಲ್ಲಿಯೂ ವಾಸಿಸುವ ಕೋಟ್ಯಂತರ ಜನರಿಗೆ ಇದು ದಿನನಿತ್ಯದ ಅನ್ನವೇ ಆಗಿದೆ. ಕಳೆದ ಶತಮಾನದ ಎಪ್ಪತ್ತರ ದಶಕದಲ್ಲಿ ಈ ಅನ್ನಕ್ಕೆ ಒಂದು ಮಹಾ ಗಂಡಾಂತರವು ಒದಗಿತು. ಅದನ್ನು ನಿವಾರಿಸಿದ್ದು ಇರುವೆಗಿಂತಲೂ ಚಿಕ್ಕದಾದ ಒಂದು ಹುಳು. ಆ ಹುಳುವನ್ನು ಪಂಡಿತರು ಹೇಗೆ ಹುಡುಕಿದರು, ಅದು ತನ್ನ ಕೆಲಸವನ್ನು ಹೇಗೆ ಮಾಡಿತು ಎಂಬುದನ್ನು ನಮ್ಮ ವಾಚಕರ ಮುಂದೆ ಇಡಬೇಕೆಂಬುದೇ ಈ ಲೇಖನದ ಉದ್ದೇಶ.

ಮರಗೆಣಸಿನ ತವರು ಆಫ್ರಿಕಾ ಅಲ್ಲ, ದಕ್ಷಿಣ ಅಮೆರಿಕ. ಹದಿನಾರನೆಯ ಶತಮಾನದಲ್ಲಿ ಪೋರ್ತುಗೀಸರು ಇದನ್ನು ಬ್ರೆಜಿಲಿನಿಂದ ಆಫ್ರಿಕಾದ ಪಶ್ಚಿಮ ತೀರಕ್ಕೆ ತಂದರು. ಮಳೆ ಕಡಿಮೆಯಾದರೂ, ನೆಲವು ಸಾರಹೀನವಾಗಿದ್ದರೂ ಇದು ಹೇಗೋ ಬದುಕಿ ಫಲ ಕೊಡುತ್ತದೆ. ಬೀಜವನ್ನು ಕೊಳ್ಳಬೇಕಾಗಿಲ್ಲ, ಹಳೆಯ ಗಿಡದ ಕಾಂಡವನ್ನು ಗೇಣುದ್ದ ತುಂಡುಮಾಡಿ ನೆಟ್ಟರೆ ಸಾಕು. ಗೆಡ್ಡೆಯನ್ನು ಒಮ್ಮೆಗೇ ಅಗೆದು ಕೂಡಿಡಬೇಕೆಂಬ ನಿರ್ಬಂಧವೂ ಇಲ್ಲ. ಒಂದು ವರುಷಕ್ಕಿಂತ ಹೆಚ್ಚು ಕಾಲ ಮಣ್ಣಿನಲ್ಲಿಯೇ ಬಿಟ್ಟು, ಬೇಕಾದಾಗ ಬೇಕಾದಷ್ಟನ್ನು ಮಾತ್ರ ಕೀಳಬಹುದು. ಆದುದರಿಂದ ಬರಗಾಲದಲ್ಲಿ ಮನೆಯ ಹೆಣ್ಣುಮಕ್ಕಳು ನೆಚ್ಚಿಕೊಂಡಿರುವುದು ಈ ಗಿಡವನ್ನೇ. ಗೆಡ್ಡೆಯಲ್ಲಿರುವ ವಿಷಾಂಶವನ್ನು ಕಳೆಯುವುದಕ್ಕಾಗಿ ಅದನ್ನು ಸುಲಿದು, ತುರಿದು, ಹುಳಿಯಬಿಟ್ಟು, ಹಿಂಡಿ, ಹುರಿದು ಮಾಡುವ ಹಿಟ್ಟಿಗೆ ನೈಜೀರಿಯದಲ್ಲಿ ಗಾರಿ ಎನ್ನುತ್ತಾರೆ. ಅದನ್ನು ಬಿಸಿನೀರಿನಲ್ಲಿ ತೊಳಸಿ, ನಮ್ಮ ರಾಗಿಮುದ್ದೆಯ ಹಾಗೆ ಮುರಿದು, ಸಾರಿನಲ್ಲಿ ಅದ್ದಿ ಉಣ್ಣುತ್ತಾರೆ. ಕಾಂಗೋ ಸೀಮೆಯಲ್ಲಿ ಎಳೆಯ ಎಲೆಯನ್ನು ಕುಟ್ಟಿ, ಚೆನ್ನಾಗಿ ಬೇಯಿಸಿ ಸೊಪ್ಪಿನ ಪಲ್ಯವನ್ನಾಗಿ ಬಳಸುತ್ತಾರೆ.

ಹೀಗಿರಲು 1973ರ ಸುಮಾರಿಗೆ ಕಾಂಗೋ ನದಿಯ ಎರಡು ದಡಗಳಲ್ಲಿ ಎದುರುಬದುರಾಗಿರುವ ಕಿನ್ಷಾಸಾ ಮತ್ತು ಬ್ರಾಜಾವಿಲ್ ನಗರಗಳ ಸುತ್ತಲಿನ ಹೊಲಗಳಲ್ಲಿ ಅಪೂರ್ವವಾದ ಒಂದು ರೋಗವು ಕಂಡುಬಂದಿತು. ಗಿಡದ ಕುಡಿಗಳು ಮುರುಟಿ ಗಂಟುಗಟ್ಟಿದವು. ಗೆಣ್ಣುಗಳ ನಡುವಣ ಅಂತರವು ಕುಗ್ಗಿತು. ಎಲೆಗಳು ಉದುರಿ ಬರಿಯ ಕಡ್ಡಿಗಳು ಉಳಿದವು. ಕುಡಿಯನ್ನು ಬಿಡಿಸಿ ನೋಡಿದರೆ ಅಕ್ಕಿಹಿಟ್ಟನ್ನು ಚೆಲ್ಲಿದಂತೆ ಬೆಳ್ಳಗಿನ ಮೇಣದ ಪುಡಿ, ಅದರ ಅಡಿಯಲ್ಲಿ ನಸುಗೆಂಪಿನ ಮೆತ್ತಗಿನ ಹುಳುಗಳು. ಇವೇ ಹಿಟ್ಟು ತಿಗಣೆಗಳು. ಇವು ಸೂಜಿಯಂತಹ ಬಾಯಿಯನ್ನು ಚುಚ್ಚಿ ಗಿಡದ ರಸವನ್ನು ಹೀರುತ್ತವೆ. ಈ ಜಾತಿಯಲ್ಲಿ ಗಂಡಿನ ಅವಶ್ಯಕತೆಯೇ ಇಲ್ಲ. ಪ್ರತಿಯೊಂದು ಹೆಣ್ಣೂ ತಾನಾಗಿಯೇ ನೂರಾರು ಮೊಟ್ಟೆಗಳನ್ನಿಡುತ್ತದೆ, ಅವೆಲ್ಲವೂ ಹೆಣ್ಣುಗಳೇ ಆಗುತ್ತವೆ. ಒಂದೇ ಒಂದು ಹುಳುವು ಹೊಸ ಹೊಲವನ್ನು ಸೇರಿದರೂ ಹೊಸ ಸಂತತಿಗೆ ಸಾಕು. ನೆಡುವುದಕ್ಕಾಗಿ ಜನರು ಊರಿಂದೂರಿಗೆ ಒಯ್ದ ಕಾಂಡದ ತುಂಡುಗಳ ಮೇಲೆ ಕುಳಿತು ಇವೂ ಪ್ರಯಾಣಮಾಡಿದವು. ಗಾಳಿಯೂ ಇವುಗಳನ್ನು ಹಾರಿಸಿಕೊಂಡು ಹೋಯಿತು. ಹತ್ತು ಹನ್ನೆರಡು ವರುಷಗಳೊಳಗೆ ಮರಗೆಣಸನ್ನು ಬೆಳೆಯುವ ಆಫ್ರಿಕಾದ ಬಹುಭಾಗವನ್ನು ಈ ಪಿಡುಗು ಆವರಿಸಿತು. ಹಾವಳಿ ಹೆಚ್ಚಾದೆಡೆಗಳಲ್ಲಿ ಗೆಡ್ಡೆಯ ಇಳುವರಿಯು ನೂರಕ್ಕೆ 80ರವರೆಗೂ ನಷ್ಟವಾಯಿತು. ಎಲೆ ಹೋಯಿತು, ಗೆಡ್ಡೆ ಹೋಯಿತು, ಮುಂದಿನ ವರುಷ ನೆಡುವುದಕ್ಕೆ ಒಳ್ಳೆಯ ಕಾಂಡವೂ ಇಲ್ಲದಾಯಿತು. ಈ ಗೆಡ್ಡೆಯನ್ನು ನಂಬಿದ್ದ ಜನರ ಸಂಖ್ಯೆ ಸುಮಾರು 20 ಕೋಟಿ ಎಂಬುದನ್ನು ನೆನೆದರೆ ವಿಪತ್ತಿನ ಪ್ರಮಾಣವು ತಿಳಿಯುವುದು.

ವಿಷದ ಔಷಧವನ್ನು ಸಿಂಪಡಿಸಬಾರದಿತ್ತೇ ಎಂದು ವಾಚಕರು ಕೇಳಬಹುದು. ಮರಗೆಣಸನ್ನು ಬೆಳೆಯುವವರಲ್ಲಿ ಹೆಚ್ಚಿನವರು ತುಂಡು ಭೂಮಿಯ ಬಡ ಒಕ್ಕಲಿಗರು. ಔಷಧವನ್ನು ಕೊಳ್ಳಲು ಅವರ ಕೈಯಲ್ಲಿ ಹಣವಿಲ್ಲ. ಮೇಣದ ಪುಡಿಯನ್ನು ಹೊದ್ದು ಮುರುಟಿದ ಕುಡಿಯೊಳಗೆ ಅವಿತಿರುವ ಹುಳುವಿಗೆ ಔಷಧವು ತಾಕುವುದೂ ಕಷ್ಟ. ಅಲ್ಲದೆ ಅದೇ ಎಲೆಯನ್ನು ತಾಯಂದಿರು ಕೊಯ್ದು ಮಕ್ಕಳಿಗೆ ಬೇಯಿಸಿ ಹಾಕುವರಷ್ಟೆ. ಆದುದರಿಂದ ಬೇರೊಂದು ಉಪಾಯವನ್ನು ನೋಡಬೇಕಾಯಿತು.

ನೈಜೀರಿಯದ ಇಬಾದಾನ್ ನಗರದಲ್ಲಿ 1967ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಉಷ್ಣವಲಯ ಕೃಷಿ ಸಂಸ್ಥೆಯಿದೆ. 1979ರಲ್ಲಿ ಆ ಸಂಸ್ಥೆಯನ್ನು ಸೇರಿದ ಸ್ವಿಟ್ಜರ್ಲೆಂಡಿನ ಕೀಟಶಾಸ್ತ್ರಜ್ಞ ಹಾನ್ಸ್ ಹೆರೆನ್ ಎಂಬವರೂ ಅವರ ಸಂಗಡಿಗರೂ ಈ ಕಾರ್ಯವನ್ನು ಕೈಗೊಂಡರು. ಅವರ ತರ್ಕವು ಸರಳವಾದುದು. ಗಿಡವು ದಕ್ಷಿಣ ಅಮೆರಿಕದ್ದು. ಈ ಗಿಡವನ್ನೇ ನೆಚ್ಚಿಕೊಂಡಿರುವ ತಿಗಣೆಯೂ ಅಲ್ಲಿಯದೇ ಆಗಿರಬೇಕು. ಅಲ್ಲಿ ಅದು ಇಂತಹ ಹಾವಳಿಯನ್ನು ಮಾಡುತ್ತಿಲ್ಲವಾದರೆ, ಅದನ್ನು ಅಂಕೆಯಲ್ಲಿಡುವ ಶತ್ರುವೊಂದು ಅಲ್ಲಿ ಇದ್ದೇ ಇರಬೇಕು. ತಿಗಣೆಯು ಸಮುದ್ರವನ್ನು ದಾಟಿ ಬಂದಿತು, ಅದರ ಶತ್ರುವು ಹಿಂದೆ ಉಳಿಯಿತು. ಈ ವಿಚಾರವು ಹೊಸದಾಗಿರಲಿಲ್ಲ. 1888ರಲ್ಲಿಯೇ ಕ್ಯಾಲಿಫೋರ್ನಿಯದ ಕಿತ್ತಳೆ ತೋಟಗಳನ್ನು ಹಾಳುಮಾಡುತ್ತಿದ್ದ ಒಂದು ಕೀಟಕ್ಕೆ ಪ್ರತಿಯಾಗಿ ಆಸ್ಟ್ರೇಲಿಯದಿಂದ ಗುಲಗಂಜಿ ಹುಳುವೊಂದನ್ನು ತರಿಸಿ ತೋಟಗಳನ್ನು ಉಳಿಸಿದ್ದರು.

ಆದರೆ ಹುಡುಕುವುದು ಎಲ್ಲಿ? ದಕ್ಷಿಣ ಅಮೆರಿಕವು ವಿಶಾಲವಾದ ಖಂಡ. ಆಫ್ರಿಕಾದ ಈ ತಿಗಣೆಗೆ 1977ರವರೆಗೆ ಶಾಸ್ತ್ರದಲ್ಲಿ ಹೆಸರೇ ಇರಲಿಲ್ಲ. ಆ ವರುಷ ಫ್ರಾನ್ಸ್ ದೇಶದ ವಿದುಷಿ ಡಾನಿಯೆಲ್ ಮಾಟಿಲ್-ಫೆರೆರೋ ಎಂಬವರು ಕಾಂಗೋದಿಂದ ಬಂದ ಮಾದರಿಗಳನ್ನು ಪರೀಕ್ಷಿಸಿ ಅದಕ್ಕೆ ಫಿನಕಾಕಸ್ ಮನಿಹೋಟಿ ಎಂದು ನಾಮಕರಣಮಾಡಿದರು. ಅನಂತರ ದಕ್ಷಿಣ ಅಮೆರಿಕದ ಉತ್ತರ ಭಾಗದಲ್ಲಿ ಮರಗೆಣಸಿನ ಮೇಲೆ ಹಿಟ್ಟು ತಿಗಣೆಯೊಂದು ದೊರೆತಾಗ ಶೋಧಕರಿಗೆ ಸಂತೋಷವಾಯಿತು. ಅದರ ಶತ್ರುಗಳನ್ನು ಹಿಡಿದು ಆಫ್ರಿಕಾದ ತಿಗಣೆಗಳ ನಡುವೆ ಬಿಟ್ಟು ನೋಡಿದರೆ ಅವು ಅಲ್ಲಿ ವಂಶವನ್ನು ಬೆಳೆಸಲೇ ಇಲ್ಲ. ಕಾರಣವೇನೆಂದರೆ ಅದು ಬೇರೆಯೇ ಜಾತಿ. ಅದರ ಬಣ್ಣವು ಹಳದಿಯ ಕಡೆಗೆ ವಾಲಿತ್ತು, ಮತ್ತು ಅದರಲ್ಲಿ ಗಂಡುಗಳೂ ಇದ್ದವು. 1981ರಲ್ಲಿ ಪಂಡಿತರು ಇವೆರಡನ್ನೂ ಸ್ಪಷ್ಟವಾಗಿ ಬೇರ್ಪಡಿಸಿ ವರ್ಣಿಸಿದರು. ಒಣಗಿದ ಹುಳುಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ರೋಮಗಳನ್ನೂ ರಂಧ್ರಗಳನ್ನೂ ಎಣಿಸುತ್ತ ಕೂಡುವವರ ಕೆಲಸವು ಹೊರಗಿನವರಿಗೆ ನಿಷ್ಪ್ರಯೋಜಕವೆಂದು ತೋರಬಹುದು. ಇಲ್ಲಿ ಕೋಟ್ಯಂತರ ಜನರ ಊಟವು ಆ ಕೆಲಸವನ್ನೇ ಅವಲಂಬಿಸಿತ್ತು. ಶತ್ರುವಿನ ಹೆಸರು ತಪ್ಪಿದರೆ ಅವನ ಮನೆಯೂ ತಪ್ಪುತ್ತದೆ.

ಅದೇ 1981ರಲ್ಲಿ ಕೊಲಂಬಿಯದ ಸಂಶೋಧನಾಲಯದಲ್ಲಿದ್ದ ಆಂಥೊನಿ ಬೆಲೊಟ್ಟಿ ಎಂಬ ಕೀಟಶಾಸ್ತ್ರಜ್ಞರಿಗೆ ಖಂಡದ ದಕ್ಷಿಣದಲ್ಲಿರುವ ಪರಾಗ್ವೇ ದೇಶದಲ್ಲಿ ನಿಜವಾದ ತಿಗಣೆಯು ಸಿಕ್ಕಿತು. ಅಲ್ಲಿ ಅದು ವಿರಳವಾಗಿತ್ತು. ಅದರ ಬೆನ್ನಿಗೆ ಹತ್ತಿದ ಶತ್ರುಗಳೂ ಅಲ್ಲಿಯೇ ಇದ್ದವು. ಅವುಗಳಲ್ಲೊಂದು ಅನಾಗೈರಸ್ ಲೊಪೆಜಿ ಎಂಬ ಕಣಜದ ಹುಳು.

ಸಿಕ್ಕಿದ ಹುಳುವನ್ನು ನೇರವಾಗಿ ಆಫ್ರಿಕಾಕ್ಕೆ ಒಯ್ಯಲಿಲ್ಲ. ಪರದೇಶದ ಜೀವಿಯನ್ನು ವಿಚಾರವಿಲ್ಲದೆ ತಂದರೆ ಏನಾಗುವುದೆಂಬುದಕ್ಕೆ ಆಸ್ಟ್ರೇಲಿಯವೇ ಸಾಕ್ಷಿ. ಕಬ್ಬಿನ ಹುಳುಗಳನ್ನು ತಿನ್ನಲೆಂದು 1935ರಲ್ಲಿ ಅಲ್ಲಿಗೆ ತಂದ ದೊಡ್ಡ ಕಪ್ಪೆಗಳು ಆ ಹುಳುಗಳನ್ನು ಬಿಟ್ಟು ಉಳಿದ ಪ್ರಾಣಿಗಳಿಗೆ ಮಾರಿಯಾದವು. ಆದುದರಿಂದ ಕಣಜಗಳನ್ನು ಮೊದಲು ಇಂಗ್ಲೆಂಡಿನಲ್ಲಿ ಪ್ರತ್ಯೇಕವಾಗಿ ಕೂಡಿಟ್ಟು, ಅವುಗಳ ಜೊತೆಗೆ ಬೇರೆ ಯಾವ ರೋಗವಾಗಲಿ ಕೀಟವಾಗಲಿ ಬರದಂತೆ ಪರೀಕ್ಷಿಸಿ, ಅನಂತರವೇ ನೈಜೀರಿಯಕ್ಕೆ ಕಳುಹಿಸಿದರು. 1981ರ ಕೊನೆಯಲ್ಲಿ ಇಬಾದಾನಿನ ಹೊಲಗಳಲ್ಲಿ ಅವುಗಳನ್ನು ಮೊದಲ ಬಾರಿ ಬಿಡಲಾಯಿತು.

ನಮ್ಮ ಭಾಷೆಯಲ್ಲಿ ಕಣಜವೆಂದರೆ ಕುಟುಕುವ ಹುಳುವೂ ಹೌದು, ಧಾನ್ಯವನ್ನು ತುಂಬಿಡುವ ಉಗ್ರಾಣವೂ ಹೌದು. ಈ ಕಣಜವು ಮನುಷ್ಯರನ್ನು ಕುಟುಕುವುದಿಲ್ಲ. ಇದರ ಉದ್ದವು ಎರಡು ಮಿಲಿಮೀಟರು ಕೂಡ ಇಲ್ಲ. ತಿಗಣೆಯು ಹತ್ತಿದ ಗಿಡದಿಂದ ಹೊರಡುವ ವಾಸನೆಯನ್ನು ಹಿಡಿದು ಹೆಣ್ಣು ಕಣಜವು ಅಲ್ಲಿಗೆ ಬರುತ್ತದೆ. ಮರಿ ತಿಗಣೆಯ ಮೈಯನ್ನು ಚುಚ್ಚಿ ಒಳಗೆ ಒಂದು ಮೊಟ್ಟೆಯನ್ನಿಡುತ್ತದೆ. ಮೊಟ್ಟೆಯೊಡೆದ ಮರಿಹುಳುವು ತಿಗಣೆಯನ್ನು ಒಳಗಿನಿಂದಲೇ ತಿಂದು ಬೆಳೆಯುತ್ತದೆ. ತಿಗಣೆಯ ಮೈ ಕಂದುಬಣ್ಣದ ಗಟ್ಟಿ ಚಿಪ್ಪಾಗುತ್ತದೆ. ಸುಮಾರು ಎರಡು ವಾರಗಳಲ್ಲಿ ಆ ಚಿಪ್ಪಿಗೆ ರಂಧ್ರಮಾಡಿ ಹೊಸ ಕಣಜವು ಹೊರಬರುತ್ತದೆ. ತಿಗಣೆಯ ಒಂದು ತಲೆಮಾರಿಗೆ ಒಂದು ತಿಂಗಳಷ್ಟು ಕಾಲ ಬೇಕು; ಅಷ್ಟರಲ್ಲಿ ಕಣಜಕ್ಕೆ ಎರಡು ತಲೆಮಾರುಗಳಾಗಿರುತ್ತವೆ. ಹಿಟ್ಟು ತಿಗಣೆಯನ್ನು ಬಿಟ್ಟು ಇದು ಪೈರಿಗಾಗಲಿ ಜೇನಿಗಾಗಲಿ ಹಾನಿಮಾಡುವುದಿಲ್ಲ.

ಮುಂದೆ ಇವುಗಳನ್ನು ಲಕ್ಷಗಟ್ಟಲೆಯಾಗಿ ಸಾಕಿ ದೇಶದೇಶಗಳಿಗೆ ಕಳುಹಿಸಿದರು; ಕೆಲವೆಡೆಗಳಲ್ಲಿ ವಿಮಾನದಿಂದಲೂ ಬಿಟ್ಟರು. ಆಫ್ರಿಕಾದ ನಾನಾ ದೇಶಗಳ ಯುವಕ ಯುವತಿಯರಿಗೆ ಈ ವಿದ್ಯೆಯಲ್ಲಿ ತರಬೇತಿಯನ್ನಿತ್ತರು. 1990ರ ಹೊತ್ತಿಗೆ ಇಪ್ಪತ್ತಕ್ಕೂ ಹೆಚ್ಚು ದೇಶಗಳಲ್ಲಿ ಕಣಜವು ನೆಲೆಯೂರಿತು. ಒಮ್ಮೆ ನೆಲೆಯೂರಿದ ಮೇಲೆ ಒಕ್ಕಲಿಗನು ಮಾಡಬೇಕಾದುದು ಏನೂ ಇರಲಿಲ್ಲ. ಅವನಿಗೆ ಒಂದು ಕಾಸಿನ ಖರ್ಚೂ ಬರಲಿಲ್ಲ.

ತಿಗಣೆಯು ಕಡಿಮೆಯಾದುದು ಕಣಜದಿಂದಲೇ, ಮಳೆಯಿಂದಲ್ಲ ಎಂದು ಹೇಗೆ ಹೇಳುವುದು? ಪೀಟರ್ ನಾಯೆನ್‌ಶ್ವಾಂಡರ್ ಎಂಬವರೂ ಸಂಗಡಿಗರೂ ಇದನ್ನು ಪ್ರಯೋಗದಿಂದ ತೋರಿಸಿದರು. ತಿಗಣೆ ಹತ್ತಿದ ಕೆಲವು ಕುಡಿಗಳಿಗೆ ಬಟ್ಟೆಯ ಚೀಲವನ್ನು ತೊಡಿಸಿ ಬಾಯಿ ಕಟ್ಟಿದರು; ಬೇರೆ ಕುಡಿಗಳಿಗೆ ಅಂತಹುದೇ ಚೀಲವನ್ನು ತೊಡಿಸಿ ಬಾಯನ್ನು ತೆರೆದುಬಿಟ್ಟರು. ಕಣಜವು ಪ್ರವೇಶಿಸಲಾರದ ಕಟ್ಟಿದ ಚೀಲಗಳಲ್ಲಿ ತಿಗಣೆಗಳು ಹೆಚ್ಚಿದವು. ತೆರೆದ ಚೀಲಗಳಲ್ಲಿ ಕಡಿಮೆಯಾಗಿಯೇ ಉಳಿದವು. ನೆರಳೂ ಗಾಳಿಯೂ ಬಹುಮಟ್ಟಿಗೆ ಒಂದೇ ಆಗಿದ್ದುದರಿಂದ ಸಂಶಯಕ್ಕೆ ಎಡೆಯುಳಿಯಲಿಲ್ಲ. ಅನಂತರ ಘಾನಾ ಮತ್ತು ಐವರಿ ಕೋಸ್ಟ್ ದೇಶಗಳ ಒಕ್ಕಲಿಗರ ಹೊಲಗಳನ್ನು ಅಳೆದು ನೋಡಿದಾಗ, ಹುಲ್ಲುಗಾವಲಿನ ಸೀಮೆಯಲ್ಲಿ ಕಣಜದ ದೆಸೆಯಿಂದ ಹೆಕ್ಟೇರಿಗೆ ಸುಮಾರು 2.5 ಟನ್ ಗೆಡ್ಡೆಯು ಹೆಚ್ಚಾಗಿ ದೊರೆಯುತ್ತಿದ್ದುದು ಕಂಡುಬಂದಿತು.

ಆದಾಗ್ಯೂ ಕೆಲವು ಹೊಲಗಳಲ್ಲಿ ತಿಗಣೆಯು ಮಣಿಯಲಿಲ್ಲ. ವಿಚಾರಿಸಿದರೆ ಅವೆಲ್ಲ ಸಾರವಿಲ್ಲದ ಮರಳು ನೆಲಗಳು. ಇದರ ಕಾರಣವು ಬಹು ಸ್ವಾರಸ್ಯವಾದುದು. ತಾಯಿ ಕಣಜವು ದೊಡ್ಡ ತಿಗಣೆಯಲ್ಲಿ ಹೆಣ್ಣು ಸಂತಾನಕ್ಕೆ ಮೊಟ್ಟೆಯಿಡುತ್ತದೆ, ಚಿಕ್ಕದರಲ್ಲಿ ಗಂಡು ಸಂತಾನಕ್ಕೆ. ಬಡ ನೆಲದ ಬಡಕಲು ಗಿಡದ ಮೇಲೆ ತಿಗಣೆಗಳೂ ಚಿಕ್ಕವು. ಆದುದರಿಂದ ಅಲ್ಲಿ ಗಂಡು ಕಣಜಗಳೇ ಹೆಚ್ಚಿ, ಮೊಟ್ಟೆಯಿಡುವ ಹೆಣ್ಣುಗಳು ಕಡಿಮೆಯಾಗುತ್ತವೆ. ಅಂತಹ ಹೊಲಕ್ಕೆ ಗೊಬ್ಬರವನ್ನು ಹಾಕಿ, ತರಗು ಹುಲ್ಲುಗಳನ್ನು ಹೊದಿಸಿದರೆ ಗಿಡವೂ ಪುಷ್ಟಿಯಾಗುತ್ತದೆ, ಕಣಜದ ಹೆಣ್ಣು ಸಂತತಿಯೂ ಹೆಚ್ಚುತ್ತದೆ. ಮಣ್ಣು, ಗಿಡ, ಹುಳು ಇವು ಮೂರೂ ಒಂದೇ ಸರಪಣಿಯ ಕೊಂಡಿಗಳು. ಕಣಜವು ಬಂದಿತೆಂದು ಒಕ್ಕಲಿಗನು ನೆಲವನ್ನು ಮರೆಯುವಂತಿಲ್ಲ.

ಈ ಕಾರ್ಯಕ್ಕಾಗಿ 1995ರಲ್ಲಿ ಹೆರೆನರಿಗೆ ವಿಶ್ವ ಆಹಾರ ಪ್ರಶಸ್ತಿಯು ದೊರೆಯಿತು. ಕಥೆಯು ಅಲ್ಲಿಗೆ ಮುಗಿಯಲಿಲ್ಲ. ಅದೇ ತಿಗಣೆಯು 2008ರಲ್ಲಿ ಥಾಯ್ಲೆಂಡನ್ನೂ, 2020ರಲ್ಲಿ ನಮ್ಮ ನೆರೆಯ ಕೇರಳವನ್ನೂ ಮುಟ್ಟಿತು. ಸಬ್ಬಕ್ಕಿಗೆ ಹೆಸರಾದ ತಮಿಳುನಾಡಿನ ಸೇಲಂ ಸೀಮೆಗೂ ಹಬ್ಬಿತು. ಆಗ ಬೆಂಗಳೂರಿನಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯವರು ಪಶ್ಚಿಮ ಆಫ್ರಿಕಾದ ಬೆನಿನ್ ದೇಶದಿಂದ ಕಣಜವನ್ನು ತರಿಸಿ, ಪರೀಕ್ಷಿಸಿ, ಸಾಕಿ, 2022ರಲ್ಲಿ ತಮಿಳುನಾಡಿನ ಹೊಲಗಳಲ್ಲಿ ಬಿಟ್ಟರು. ಒಂದು ಕಾಲಕ್ಕೆ ಸಹಾಯವನ್ನು ಬೇಡಿದ ಆಫ್ರಿಕಾವೇ ಹೀಗೆ ನಮಗೆ ಸಹಾಯವನ್ನು ಕಳುಹಿಸಿತು.

ಇಂದಿಗೂ ಆಫ್ರಿಕಾದ ಹೊಲಗಳಲ್ಲಿ ಹಿಟ್ಟು ತಿಗಣೆಯುಂಟು, ಕಣಜವೂ ಉಂಟು. ಒಂದನ್ನೊಂದು ಪೂರ್ಣವಾಗಿ ಅಳಿಸಲಿಲ್ಲ. ತಿಗಣೆಯೇ ಇಲ್ಲವಾದರೆ ಕಣಜಕ್ಕೆ ಆಹಾರವೆಲ್ಲಿ? ಹೊಲದಲ್ಲಿ ನಾಲ್ಕು ತಿಗಣೆಗಳು ಉಳಿಯುವುದು ಬೆಳೆಯ ಕ್ಷೇಮಕ್ಕೆ ಅವಶ್ಯವೇ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಹಿತ್ತಲನ್ನು ಮಾಡಿಕೊಂಡಿರುವವರು ಅನೇಕರಿರುವರು. ದಾಸವಾಳದ ಕುಡಿಯಲ್ಲಿಯೋ ಸೀಬೆಯ ಎಲೆಯಲ್ಲಿಯೋ ಬಿಳಿಯ ಹಿಟ್ಟನ್ನು ಕಂಡಾಗ ಔಷಧದ ಸೀಸೆಗೆ ಕೈಯಿಡುವ ಮೊದಲು ಅದನ್ನು ಬಿಡಿಸಿ ಒಂದು ಗಳಿಗೆ ನೋಡಬೇಕೆಂದು ಕೋರುತ್ತೇವೆ. ಬಿಳಿಯ ಹುಳುಗಳ ನಡುವೆ ಕಂದುಬಣ್ಣದ ಗಟ್ಟಿ ಚಿಪ್ಪುಗಳು ಕಂಡರೆ ಅಲ್ಲಿ ಯಾವುದೋ ಒಂದು ಕಣಜವು ಆಗಲೇ ಕೆಲಸಕ್ಕೆ ತೊಡಗಿದೆಯೆಂದು ತಿಳಿಯಬಹುದು. ಅದನ್ನು ಮಕ್ಕಳಿಗೂ ಕರೆದು ತೋರಿಸಬಹುದು.